ಇನ್‌ಹೇಲರ್ ಚಿತ್ರಕ್ಕೆ ಪೂರ್ತಿ ಮಾರ್ಕ್ಸ್, ಹಿಡಿಯೋಕೆ ಕಲಿತಿದ್ದು ಇಂಗ್ಲೆಂಡಿನಲ್ಲಿ

ಎರಡನೇ ದಿನವೇ ನನ್ನ ಬಂಡವಾಳ ಬಯಲಾಯಿತು.

ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಪಟ್ಟಣ. ಅಲ್ಲಿನ ಫಾರ್ಮಸಿಯಲ್ಲಿ ಟ್ರೇನಿಯಾಗಿ ಸೇರಿದ್ದೆ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ಬಂದರು, ಡಾಕ್ಟರು ಅವರಿಗೆ ಮೊದಲ ಸಲ ಇನ್‌ಹೇಲರ್ ಬರೆದುಕೊಟ್ಟಿದ್ದರು. ಹೇಗೆ ಬಳಸಬೇಕು ಅಂತ ನಾನು ಪಟಪಟ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ಸಲ ಮಾಡಿ ತೋರಿಸ್ತೀಯಾ?" ಅಂದರು. ಡ್ರಾದಲ್ಲಿ ಔಷಧಿ ಇಲ್ಲದ ಡೆಮೊ ಇನ್‌ಹೇಲರ್ ಇತ್ತು. ತೆಗೆದೆ, ಬಾಯಿಗಿಟ್ಟೆ, ಒತ್ತಿದೆ, ಆಮೇಲೆ ಜೋರಾಗಿ ಉಸಿರೆಳೆದೆ. ಪಕ್ಕದಲ್ಲಿ ನಿಂತಿದ್ದ ನನ್ನ ಸೂಪರ್‌ವೈಸರ್ ಅಜ್ಜನ ಎದುರು ಏನೂ ಅನ್ನಲಿಲ್ಲ. ತಾವೇ ಇನ್ನೊಂದು ಡೆಮೊ ತಗೊಂಡು ಸರಿಯಾಗಿ ತೋರಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಒಂದೊಂದೇ ತಪ್ಪು ಎಣಿಸಿದರು. ಇನ್‌ಹೇಲರ್ ಕುಲುಕಲಿಲ್ಲ. ಮೊದಲು ಉಸಿರು ಹೊರಗೆ ಬಿಡಲಿಲ್ಲ. ಎಳೆಯೋಕೆ ಶುರು ಮಾಡುತ್ತಾ ಒತ್ತಬೇಕು, ನೀನು ಒತ್ತಿ ಆಮೇಲೆ ಎಳೆದೆ. ನಿಧಾನವಾಗಿ ಎಳೆಯಬೇಕಿತ್ತು. ಎಳೆದ ಮೇಲೆ ಉಸಿರು ಹಿಡಿದುಕೊಳ್ಳಲಿಲ್ಲ. ಹತ್ತು ಸೆಕೆಂಡಿನಲ್ಲಿ ಐದು ತಪ್ಪು. ಅಷ್ಟೂ ಔಷಧಿ ಗಂಟಲಿಗೆ, ಶ್ವಾಸಕೋಶಕ್ಕೆ ಹೆಚ್ಚುಕಮ್ಮಿ ಏನೂ ಇಲ್ಲ.

ತಮಾಷೆ ಏನಂದ್ರೆ, ಇದೇ ಇನ್‌ಹೇಲರ್ ಬಗ್ಗೆ ಬಿ.ಫಾರ್ಮ್ ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸಿಗೆ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಕ್ಯಾನಿಸ್ಟರ್, ಮೀಟರಿಂಗ್ ವಾಲ್ವ್, ಆಕ್ಚುಯೇಟರ್ ಎಲ್ಲಕ್ಕೂ ಬಾಣದ ಗುರುತು ಹಾಕಿ ಅಂದವಾದ ಚಿತ್ರ, ಓಜೋನ್ ಪದರ ಹಾಳು ಮಾಡುವ ಸಿಎಫ್‌ಸಿ ಅನಿಲ ಬಿಟ್ಟು ಎಚ್‌ಎಫ್‌ಎಗೆ ಯಾಕೆ ಹೋದರು ಅನ್ನೋದಕ್ಕೆ 1987ರ ಮಾಂಟ್ರಿಯಲ್ ಒಪ್ಪಂದ ಸಮೇತ ವಿವರಣೆ. ಆದರೆ ನಾಲ್ಕು ವರ್ಷದಲ್ಲಿ ಒಂದೇ ಒಂದು ಇನ್‌ಹೇಲರಿನ ಮುಚ್ಚಳ ತೆಗೆದವಳಲ್ಲ.

ಇಲ್ಲಿಗೆ ಬರುವ ದಾರಿ ಊರಲ್ಲಿ ತುಂಬಾ ಜನ ಕೇಳ್ತಾರೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ ಫಾರ್ಮಸಿಸ್ಟ್ ಆಗಿ ರಿಜಿಸ್ಟರ್ ಆದವರು ಇಲ್ಲಿ ಓಸ್ಪ್ಯಾಪ್ ಅನ್ನೋ ಒಂದು ವರ್ಷದ ಕೋರ್ಸ್ ಮಾಡಬೇಕು, ಆಮೇಲೆ 52 ವಾರ ಫಾರ್ಮಸಿಯಲ್ಲೋ ಆಸ್ಪತ್ರೆಯಲ್ಲೋ ತರಬೇತಿ, ಕೊನೆಗೆ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ನಡೆಸುವ ಪರೀಕ್ಷೆ. ಪರೀಕ್ಷೆಗೆ ಮೂರೇ ಅವಕಾಶ. ಇಲ್ಲೇ ಓದಿದ ಹುಡುಗರಿಗೂ ಆ 52 ವಾರ ತಪ್ಪುವುದಿಲ್ಲ. 13, 26, 39ನೇ ವಾರಕ್ಕೆ ಸೂಪರ್‌ವೈಸರ್ ರಿಪೋರ್ಟ್ ಬರೆಯುತ್ತಾರೆ. ಪರೀಕ್ಷೆ ಓದಿ ಪಾಸು ಮಾಡಬಹುದು, ನಾವು ಅದರಲ್ಲಿ ಹುಲಿಗಳು. ನನ್ನನ್ನು ಹಣ್ಣು ಮಾಡಿದ್ದು ಆ 52 ವಾರ.

ಹಾಗಂತ ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಇರಲಿಲ್ಲ ಅಂತಲ್ಲ. ಬೇಕಾದಷ್ಟಿತ್ತು! ವಾರವಿಡೀ ಬಿಳಿ ಏಪ್ರನ್ ಹಾಕಿಕೊಂಡು ಲ್ಯಾಬಿನಲ್ಲೇ ಇರುತ್ತಿದ್ದೆವು. ಎಣ್ಣೆ ನಾಲ್ಕು ಪಾಲು, ನೀರು ಎರಡು, ಗೋಂದು ಒಂದು ಅಂತ ಕುಟ್ಟಾಣಿಯಲ್ಲಿ ಅರೆದು ಎಮಲ್ಷನ್ ಮಾಡಿದ್ದೇವೆ, ಸ್ಯಾಲಿಸಿಲಿಕ್ ಆಸಿಡ್‌ನಿಂದ ಆಸ್ಪಿರಿನ್ ಮಾಡಿದ್ದೇವೆ, ಮಾತ್ರೆ ಎಷ್ಟು ಹೊತ್ತಿಗೆ ಕರಗುತ್ತದೆ ಅಂತ ನೋಡುತ್ತಾ ಕೂತಿದ್ದೇವೆ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಂ.ಎಲ್. ಶ್ರಾಫ್ ಅವರು ಫಾರ್ಮಸಿ ಓದು ಶುರು ಮಾಡಿದ ಕಾಲದಿಂದಲೂ ನಮ್ಮ ಒಲವು ಔಷಧಿ ತಯಾರಿಕೆಯ ಕಡೆಗೇ. ಕಂಪನಿಗೆ ಹೋಗುವವರಿಗೆ ಅದು ಬೇಕು, ತಪ್ಪೇನಿಲ್ಲ. ನನಗೂ ಉಪಯೋಗಕ್ಕೆ ಬಂದಿದೆ. ಮಕ್ಕಳ ಆಂಟಿಬಯಾಟಿಕ್ ಪುಡಿಗೆ ಅಳತೆಯ ನೀರು ಹಾಕಿ ಸಿರಪ್ ಮಾಡಿಕೊಡುವಾಗ ಇಲ್ಲಿನ ಟ್ರೇನಿಗಳಿಗಿಂತ ನನ್ನ ಕೈ ಚುರುಕು, ಯಾಕೆ ಅಲ್ಲಾಡಿಸಿ ಕುಡಿಸಬೇಕು ಅಂತ ಅಮ್ಮಂದಿರಿಗೆ ಹೇಳಲೂ ಬರುತ್ತಿತ್ತು.

ಆದರೆ ನಮ್ಮ ಲ್ಯಾಬಿನಲ್ಲಿ ಒಂದು ವಿಷಯ ಇರಲಿಲ್ಲ. ನಾನು ಕೆಲಸ ಮಾಡುವಾಗ ನನ್ನ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ರೆಕಾರ್ಡ್ ಬುಕ್ಕನ್ನು. ಟೈಟ್ರೇಷನ್‌ನಲ್ಲಿ ಮೂರು ರೀಡಿಂಗ್ ಹೊಂದಬೇಕು, ಹೊಂದದಿದ್ದರೆ ಪಕ್ಕದ ಟೇಬಲ್ಲಿನ ರೀಡಿಂಗ್ ಇಳಿಸಿಕೊಳ್ಳುವುದು. ಎಲ್ಲರೂ ಮಾಡಿದ್ದೇವೆ, ಅಲ್ವಾ? ಸುಳ್ಳು ಹೇಳಬೇಡಿ. ತಪ್ಪಾದರೆ ಮುಚ್ಚಿಹಾಕುವುದು ಅನ್ನೋ ಒಂದು ವಿದ್ಯೆ ಮಾತ್ರ ನಾಲ್ಕು ವರ್ಷದಲ್ಲಿ ಪಕ್ಕಾ ಕಲಿತಿದ್ದೆವು.

ಆ ವಿದ್ಯೆ ಇಲ್ಲಿ ಎಷ್ಟು ಅಪಾಯ ಅಂತ ಗೊತ್ತಾಗಿದ್ದು ಮೂರನೇ ತಿಂಗಳಲ್ಲಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ 10 ಮಿ.ಗ್ರಾಂ ಬದಲು ಖಿನ್ನತೆಗೆ, ನರನೋವಿಗೆ ಕೊಡುವ ಆಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ತೆಗೆದಿಟ್ಟಿದ್ದೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದ ಶೆಲ್ಫಿನಲ್ಲಿ ಎರಡೂ ಅಕ್ಕಪಕ್ಕ, ಡಬ್ಬಿಯ ಬಣ್ಣವೂ ಒಂದೇ ಥರ. ಎರಡನೇ ಚೆಕ್ಕಿನಲ್ಲಿ ಸಿಕ್ಕಿಬಿತ್ತು, ರೋಗಿಗೆ ಹೋಗಲಿಲ್ಲ. ಅಭ್ಯಾಸಬಲ ನೋಡಿ, ನಾನು ಡಬ್ಬಿ ಬದಲಾಯಿಸಿ ಸುಮ್ನೆ ಮುಂದೆ ಹೋಗಲು ನೋಡಿದೆ. ಸೂಪರ್‌ವೈಸರ್ ಬಿಡಲಿಲ್ಲ. ಇಂಥ ಕೈತಪ್ಪುಗಳನ್ನು ಬರೆಯಲೆಂದೇ ಒಂದು ರಿಜಿಸ್ಟರ್ ಇದೆ, ಅದರಲ್ಲಿ ಬರೆಸಿದರು. ಯಾವ ಹೊತ್ತು, ಎಷ್ಟು ರಶ್ ಇತ್ತು, ಯಾಕೆ ಆಯಿತು ಅಂತ. ಬೈಗುಳ ಇಲ್ಲ. ಮರುದಿನ ನೋಡಿದರೆ ಆ ಎರಡು ಔಷಧಿಗಳನ್ನು ಬೇರೆ ಬೇರೆ ಶೆಲ್ಫಿಗೆ ಹಾಕಿದ್ದರು. ನನ್ನ ತಪ್ಪಿನಿಂದ ಅಂಗಡಿ ಬದಲಾಯಿತು ಅನ್ನೋದು ನನಗೆ ಜೀರ್ಣವಾಗಲು ಸ್ವಲ್ಪ ಸಮಯ ಬೇಕಾಯಿತು.

ಮಾತಾಡುವುದು ಇನ್ನೊಂದು ಕಥೆ. ಮಾತಾಡೋದನ್ನ ಏನು ಕಲಿಯೋದು, ಇಂಗ್ಲಿಷ್ ಬಂದರೆ ಸಾಕು ಅಂದುಕೊಂಡಿದ್ದೆ. ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್ ಹೊಸದಾಗಿ ಶುರು ಮಾಡಿದ ಒಬ್ಬರು ಬಂದಿದ್ದರು. ಈ ಔಷಧಿ ವಾರಕ್ಕೆ ಒಂದೇ ದಿನ ತಗೋಬೇಕು, ದಿನಾ ತಗೊಂಡರೆ ಮೂಳೆಯೊಳಗೆ ರಕ್ತ ತಯಾರಾಗುವುದೇ ಕುಸಿದು ಜೀವಕ್ಕೆ ಕುತ್ತು ಬರಬಹುದು. ಎಲ್ಲ ಹೇಳಿ, "ಅರ್ಥ ಆಯ್ತಾ?" ಅಂದೆ. "ಆಯ್ತು." ಬ್ಯಾಗ್ ಕೊಡಲು ಹೋದೆ. ಹಿಂದಿನಿಂದ ಸೂಪರ್‌ವೈಸರ್ ಮೆಲ್ಲಗೆ ಕೇಳಿದರು: "ಮನೆಗೆ ಹೋಗಿ ಇದನ್ನ ಹೇಗೆ ತಗೋತೀರಿ, ನನಗೊಂದು ಸಲ ಹೇಳ್ತೀರಾ?" ಆತ ನಗುತ್ತಾ, "ಬೆಳಗ್ಗೆ ಬಿಪಿ ಮಾತ್ರೆ ಜೊತೆಗೆ" ಅಂದ. ಪ್ರತಿದಿನವಾ? ಹೌದು, ಪ್ರತಿದಿನ.

ನನ್ನ ಕೈಕಾಲು ತಣ್ಣಗಾಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಆದರೂ ಆತನಿಗೆ ತಲುಪಿರಲಿಲ್ಲ. ವಾರದಲ್ಲಿ ಯಾವ ದಿನ ಅಂತ ಕೂತು ಮಾತಾಡಿ, ಸೋಮವಾರ ಅಂತ ಅವರ ಬಾಯಲ್ಲೇ ಹೇಳಿಸಿ, ಲೇಬಲ್ ಮೇಲೂ ಸೋಮವಾರ ಅಂತ ಹಾಕಿ ಕಳಿಸಿದೆವು. "ಅರ್ಥ ಆಯ್ತಾ" ಅಂತ ಕೇಳಿದರೆ ಯಾರಾದರೂ ಇಲ್ಲ ಅಂತಾರಾ? ಆವತ್ತಿನಿಂದ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ.

ಓಸ್ಪ್ಯಾಪ್‌ನಲ್ಲಿ ಇದಕ್ಕೆ ಪರೀಕ್ಷೆಯೇ ಇತ್ತು. ಆಸ್ಕಿ ಅಂತಾರೆ. ಸಾಲಾಗಿ ಕೋಣೆಗಳು, ಒಂದೊಂದಕ್ಕೂ ಕೆಲವೇ ನಿಮಿಷ, ಒಳಗೆ ರೋಗಿಯ ಪಾತ್ರ ಮಾಡುವ ನಟರು. ಒಬ್ಬಳು ಅಳುತ್ತಾ ಕೂತಿರುತ್ತಾಳೆ, ಇನ್ನೊಬ್ಬ ಔಷಧಿ ತಡವಾಯಿತು ಅಂತ ರೇಗುತ್ತಾನೆ. ಬೆಲ್ ಹೊಡೆದರೆ ಮುಂದಿನ ಕೋಣೆಗೆ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಇದನ್ನು ಮುಂದಿಟ್ಟರು. ಮೊದಲ ಆಸ್ಕಿಯಲ್ಲಿ ನಾನು ಅಳುತ್ತಿದ್ದ ನಟಿಗೆ ಮಾತ್ರೆಯ ಅಡ್ಡಪರಿಣಾಮಗಳನ್ನು ಬಾಯಿಪಾಠ ಒಪ್ಪಿಸಿ ಬಂದೆ. ಫೇಲ್.

ನಮ್ಮಲ್ಲಿ ನಿಯಮವೇ ಇಲ್ಲ ಅಂತಲ್ಲ. ಡಿ.ಫಾರ್ಮ್ ಅನ್ನೋ ಡಿಪ್ಲೊಮಾದವರಿಗೆ 500 ಗಂಟೆ ತರಬೇತಿ ಕಡ್ಡಾಯ, ಫಾರ್ಮ್.ಡಿ ಅನ್ನೋ ಆರು ವರ್ಷದ ಕೋರ್ಸ್ ಮಾಡುವವರಿಗೆ ಆರನೇ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್‌ಗೆ ಆರನೇ ಸೆಮಿಸ್ಟರ್ ಆದ ಮೇಲೆ ನಾಲ್ಕು ವಾರದಲ್ಲಿ 150 ಗಂಟೆ. ನನ್ನ ನಾಲ್ಕು ವಾರ ಒಂದು ಮಾತ್ರೆ ಕಂಪನಿಯಲ್ಲಿ ಕಳೆಯಿತು. "ಏನನ್ನೂ ಮುಟ್ಟಬೇಡಿ" ಅಂತ ಮೊದಲ ದಿನ ಹೇಳಿದರು, ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟರು. ನಡುವೆ ಗಾಜಿನ ಈಚೆ ನಿಂತು ಮೆಷಿನ್ ನೋಡಿದೆವು. ಗಂಟೆ ಹೆಚ್ಚಿಸಿ ಅಂತ ಎಲ್ಲರೂ ಹೇಳ್ತಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಯಾರೂ ನೋಡದ 500 ಗಂಟೆಗಿಂತ, ಗೊತ್ತಿರುವವರು ಪಕ್ಕದಲ್ಲಿ ನಿಂತು ನೋಡುವ 50 ಗಂಟೆ ಮೇಲು.

ಇಲ್ಲಿ ಎಲ್ಲ ಸರಿ ಇದೆ ಅಂತಲೂ ಹೇಳಲ್ಲ. ನನಗೆ ಒಳ್ಳೆಯ ಸೂಪರ್‌ವೈಸರ್ ಸಿಕ್ಕಿದ್ದು ಅದೃಷ್ಟ. ನನ್ನ ಜೊತೆ ಓದಿದ ಗೆಳತಿ ಬೇರೆ ಕಡೆ ಸೇರಿದಳು, ಅವಳಿಗೆ ವರ್ಷ ಪೂರ್ತಿ ಗಲ್ಲಾಪೆಟ್ಟಿಗೆ ಮತ್ತು ಡಬ್ಬಿ ಜೋಡಿಸುವ ಕೆಲಸ. ರಿಪೋರ್ಟ್ ಮಾತ್ರ ಸಮಯಕ್ಕೆ ಸರಿಯಾಗಿ ಸಹಿಯಾಗುತ್ತಿತ್ತು. ನಮ್ಮ ರೆಕಾರ್ಡ್ ಬುಕ್ಕಿಗೆ ಇಂಗ್ಲೆಂಡಿನಲ್ಲೂ ತಮ್ಮ ಇದ್ದಾನೆ ಅಂತ ಇಬ್ಬರೂ ನಕ್ಕಿದ್ದೆವು.

ಕೆಲಸ ಮಾತ್ರ ಬೆಳೆಯುತ್ತಲೇ ಇದೆ. 2024ರ ಜನವರಿ 31ರಿಂದ ಇಂಗ್ಲೆಂಡಿನ ಫಾರ್ಮಸಿಸ್ಟ್‌ಗಳು ಗಂಟಲು ನೋವು, ಕಿವಿ ಸೋಂಕು, ಸರ್ಪಸುತ್ತು ಸೇರಿ ಏಳು ತೊಂದರೆಗಳಿಗೆ ತಾವೇ ನೋಡಿ ಔಷಧಿ ಕೊಡಬಹುದು. ಮಗುವಿನ ಕಿವಿಯೊಳಗೆ ಆಟೋಸ್ಕೋಪ್ ಇಟ್ಟು ಪರದೆ ಕೆಂಪಾಗಿದೆಯಾ, ಉಬ್ಬಿದೆಯಾ ಅಂತ ಹೇಳಬೇಕು. ಪುಸ್ತಕದಲ್ಲಿ ಕಿವಿ ಯಾವಾಗಲೂ ನೇರವಾಗಿ, ಸ್ವಚ್ಛವಾಗಿ ಇರುತ್ತದೆ. ನಿಜವಾದ ಕಿವಿಯಲ್ಲಿ ಗುಗ್ಗೆ, ಜೊತೆಗೆ ಮಗು ಒದ್ದಾಡುತ್ತಿರುತ್ತದೆ.

ಜೂನಿಯರ್‌ಗಳು ಮೆಸೇಜ್ ಮಾಡ್ತಾರೆ, "ಅಕ್ಕಾ, ಯಾವ ಬುಕ್ ಓದಬೇಕು?" ಬುಕ್ ನಿಮಗೆ ಸಿಗುತ್ತೆ, ನೀವು ಓದುತ್ತೀರಿ, ಅದರ ಚಿಂತೆ ನನಗಿಲ್ಲ. ಮೂರು ಜನ ಸೇರಿ. ಒಬ್ಬರು ರೋಗಿ, ಒಬ್ಬರು ಫಾರ್ಮಸಿಸ್ಟ್, ಇನ್ನೊಬ್ಬರು ಸುಮ್ನೆ ಕೂತು ನೋಡಿ ತಪ್ಪು ಬರೆದುಕೊಳ್ಳಲಿ. ಖಾಲಿಯಾದ ಇನ್‌ಹೇಲರ್, ಇನ್ಸುಲಿನ್ ಪೆನ್ನಿನ ಡೆಮೊ, ಏನು ಸಿಗುತ್ತೋ ಅದನ್ನ ಕೈಯಲ್ಲಿ ಹಿಡಿಯಿರಿ. ರೋಗಿ ಆದವರು ಸ್ವಲ್ಪ ತಲೆಹರಟೆ ಮಾಡಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಿ. ಮೊದಲ ಸಲ ಎರಡು ನಿಮಿಷಕ್ಕಿಂತ ಜಾಸ್ತಿ ಕೇಳೋಕೆ ಆಗಲ್ಲ. ನನಗೆ ಒಂದೂ ಆಗಿರಲಿಲ್ಲ.