ಚೀನೀ ಪ್ರೇಮ ಧಾರಾವಾಹಿಗಳಲ್ಲಿ ಅಂಥದ್ದೇನಿದೆ?

ನಾನು ಚೀನೀ ಪ್ರೇಮ ಧಾರಾವಾಹಿಗಳನ್ನು ನೋಡುತ್ತೇನೆ ಎಂದು ತಿಳಿದವರೆಲ್ಲ ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ: "ಎಲ್ಲವೂ ಒಂದೇ ಅಚ್ಚಿನವು. ನಾಯಕಿ ಎಡವುತ್ತಾಳೆ, ನಾಯಕ ಹಿಡಿದುಕೊಳ್ಳುತ್ತಾನೆ, ಮೇಲಿನಿಂದ ಹೂವಿನ ದಳ ಉದುರುತ್ತದೆ. ನಲವತ್ತು ಕಂತು ಕೂತು ನೋಡುವಂಥದ್ದು ಅದರಲ್ಲಿ ಏನಿದೆ?" ಕೇಳುವವರಲ್ಲಿ ಹೆಚ್ಚಿನವರು ಕೊರಿಯನ್ ಧಾರಾವಾಹಿಗಳನ್ನು ಕಣ್ಣೊರೆಸಿಕೊಳ್ಳುತ್ತಾ ನೋಡುವವರೇ ಆದ್ದರಿಂದ ಪ್ರಶ್ನೆಯಲ್ಲಿ ಸ್ವಲ್ಪ ತಾತ್ಸಾರವೂ ಬೆರೆತಿರುತ್ತದೆ. ನನ್ನ ಉತ್ತರ ಇಷ್ಟು: ಪ್ರೇಮಿಗಳಿಗಿಂತ ಹೆಚ್ಚಾಗಿ ನಾನು ನೋಡುವುದು ಆ ಪ್ರೇಮ ನಡೆಯುವ ಮನೆಯನ್ನು. ಅಲ್ಲಿನ ಯಜಮಾನಿಕೆ, ಆಸ್ತಿ, ಅಂತಸ್ತು, ಮಲತಾಯಿ, ಸವತಿ, ಆಳುಕಾಳು, ಖರ್ಚುವೆಚ್ಚದ ಲೆಕ್ಕ ಇವೆಲ್ಲದರ ನಡುವೆ ಇಬ್ಬರ ಪ್ರೀತಿಗೆ ಎಲ್ಲಿ ಜಾಗ ಸಿಗುತ್ತದೆ ಎಂಬುದನ್ನು ಒಳ್ಳೆಯ ಚೀನೀ ಧಾರಾವಾಹಿ ತೋರಿಸುವಷ್ಟು ತಾಳ್ಮೆಯಿಂದ ನಾನು ನೋಡಿದ ಬೇರೆ ಯಾವ ದೇಶದ ಧಾರಾವಾಹಿಯೂ ತೋರಿಸುವುದಿಲ್ಲ.

ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಎಡವಿ ಬೀಳುವ ನಾಯಕಿ ಮಾತ್ರವಲ್ಲ, ಎರಡು ಗುಟುಕು ಕುಡಿದ ಕೂಡಲೇ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡುವ ನಾಯಕಿಯೂ ಇದ್ದಾಳೆ. ಕಂಪನಿಯ ಒಡೆಯನಾಗಿದ್ದೂ ಕಚೇರಿಯ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುವ ನಾಯಕನಿದ್ದಾನೆ. ಮುಖದ ಮೇಲಿನ ರಂಧ್ರವೂ ಕಾಣದಷ್ಟು ಚರ್ಮವನ್ನು ನಯಗೊಳಿಸುವ ಕ್ಯಾಮೆರಾ ಇದೆ. ವರ್ಷವರ್ಷವೂ ಹೊರಬೀಳುವ ರಾಶಿಯಲ್ಲಿ ಇಂಥವೇ ಹೆಚ್ಚು, ಮತ್ತು ಅವುಗಳಲ್ಲಿ ಬಹುಪಾಲನ್ನು ನಾನು ನಾಲ್ಕನೆಯ ಕಂತು ಮುಗಿಯುವುದರೊಳಗೆ ಬಿಟ್ಟಿದ್ದೇನೆ. ಆದರೆ ಒಂದು ಪ್ರಕಾರವನ್ನು ತೂಗುವಾಗ ಅದರ ಒಳ್ಳೆಯ ಮಾದರಿಗಳನ್ನು ತಕ್ಕಡಿಗೆ ಇಡಬೇಕು ಎಂಬುದು ನನ್ನ ವಾದ. ಆದ್ದರಿಂದ ಯಾರಾದರೂ ಕೇಳಿದಾಗಲೆಲ್ಲ ನಾನು 'ದಿ ಸ್ಟೋರಿ ಆಫ್ ಮಿಂಗ್‌ಲಾನ್' ಬಗ್ಗೆ ಮಾತನಾಡತೊಡಗುತ್ತೇನೆ.

2018ರ ಡಿಸೆಂಬರ್ ಕೊನೆಯಲ್ಲಿ ಪ್ರಸಾರ ಆರಂಭಿಸಿದ ಈ ಧಾರಾವಾಹಿಗೆ ಎಪ್ಪತ್ತಕ್ಕೂ ಹೆಚ್ಚು ಕಂತುಗಳಿವೆ. ಕಥೆ ನಡೆಯುವುದು ಸುಮಾರು ಸಾವಿರ ವರ್ಷ ಹಿಂದಿನ ಉತ್ತರ ಸೋಂಗ್ ರಾಜವಂಶದ ಕಾಲದಲ್ಲಿ, ಶೆಂಗ್ ಎಂಬ ಅಧಿಕಾರಿಯ ಮನೆಯಲ್ಲಿ. ಝಾವೊ ಲಿಯಿಂಗ್ ಅಭಿನಯಿಸಿರುವ ಮಿಂಗ್‌ಲಾನ್ ಆ ಮನೆಯ ಆರನೆಯ ಹೆಣ್ಣುಮಗಳು. ಪಟ್ಟದ ಹೆಂಡತಿಯ ಮಗಳಲ್ಲ, ಯಾವ ಬಲವೂ ಇಲ್ಲದ ಉಪಪತ್ನಿಯೊಬ್ಬಳ ಮಗಳು. ಮೊದಲ ಕಂತಿನಲ್ಲಿ ಹಿರಿಯಕ್ಕನ ನಿಶ್ಚಿತಾರ್ಥ. ವರನ ಕಡೆಯವರು ತಂದ ಕಾಣಿಕೆಗಳಲ್ಲಿ ಒಂದು ಜೋಡಿ ಜೀವಂತ ಕಾಡು ಹೆಬ್ಬಾತುಗಳಿವೆ. ಒಮ್ಮೆ ಕೂಡಿದ ಜೋಡಿ ಅಗಲುವುದಿಲ್ಲವೆಂಬ ನಂಬಿಕೆಯಿಂದ ಚೀನೀ ವಿವಾಹವಿಧಿಯಲ್ಲಿ ಬಹಳ ಹಿಂದಿನಿಂದ ಬಂದ ಕಾಣಿಕೆ ಅದು. ಹೂಜಿಯೊಳಗೆ ಬಾಣ ಎಸೆಯುವ ಆಟದಲ್ಲಿ ಮನೆಯ ಹುಡುಗನೊಬ್ಬ ಅವಿವೇಕದಿಂದ ಆ ಹೆಬ್ಬಾತುಗಳನ್ನೇ ಪಣಕ್ಕಿಟ್ಟು ಸೋಲತೊಡಗುತ್ತಾನೆ. ಅತಿಥಿಗಳ ಎದುರು ಮನೆಯ ಮಾನ ಹೋಗುವ ಹೊತ್ತಿಗೆ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಪುಟ್ಟ ಮಿಂಗ್‌ಲಾನ್ ಮುಂದೆ ಬಂದು ಆಟ ಗೆದ್ದು ಹೆಬ್ಬಾತುಗಳನ್ನು ಉಳಿಸಿಕೊಡುತ್ತಾಳೆ. ಎದುರಾಳಿಯಾಗಿದ್ದ ಹುಡುಗ ಮುಂದೆ ಅವಳ ಗಂಡನಾಗಲಿರುವವನು. ಸಾಮಾನ್ಯ ಧಾರಾವಾಹಿಯಾಗಿದ್ದರೆ ಈ ದೃಶ್ಯವನ್ನು ಮೊದಲ ನೋಟದ ಪ್ರೇಮವೆಂದು ಬಿಂಬಿಸಿ ಮುಗಿಸುತ್ತಿತ್ತು. ಇಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನು ಇಡುತ್ತಾರೆ: ಇತ್ತ ಮನೆಯ ಮಾನ ಉಳಿಸಿದ ಈ ಮಗುವಿನ ಕೋಣೆಯಲ್ಲಿ ಚಳಿಗಾಲಕ್ಕೆ ಸಾಕಾಗುವಷ್ಟು ಇದ್ದಿಲಿಲ್ಲ, ಏಕೆಂದರೆ ಮನೆವಾರ್ತೆಯ ಹಿಡಿತ ಇರುವುದು ಯಜಮಾನನ ಪ್ರೀತಿಯ ಇನ್ನೊಬ್ಬ ಉಪಪತ್ನಿಯ ಕೈಯಲ್ಲಿ. ಹೆಚ್ಚು ಹೊತ್ತು ಕಳೆಯುವ ಮೊದಲೇ ಮಿಂಗ್‌ಲಾನ್‌ಳ ತಾಯಿ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಗಂಡಸಿನ ಪ್ರೀತಿ ಯಾರ ಮೇಲಿದೆಯೋ ಅವರ ಒಲೆಯಲ್ಲಿ ಮಾತ್ರ ಬೆಂಕಿ ಉರಿಯುವ ಮನೆಯಲ್ಲಿ ಬೆಳೆದ ಹುಡುಗಿ ಮುಂದೆ ಯಾವ ಗಂಡಸಿನ ಪ್ರೀತಿಯನ್ನೂ ಸುಲಭವಾಗಿ ನಂಬಲಾರಳು ಎಂಬುದನ್ನು ಸಂಭಾಷಣೆಯ ನೆರವಿಲ್ಲದೆ ಇದ್ದಿಲೇ ಹೇಳಿಬಿಡುತ್ತದೆ.

ಅವಳ ಮೊದಲ ಪ್ರೇಮದ ಕಥೆ ಇದಕ್ಕಿಂತ ಕ್ರೂರ. ಚಿ ಹೆಂಗ್ ಎಂಬ ಸುಂದರನೂ ಸಜ್ಜನನೂ ಆದ ತರುಣ ಅವಳನ್ನೇ ಮದುವೆಯಾಗುವೆನೆಂದು ಹಟ ಹಿಡಿದು ಊಟ ಬಿಡುತ್ತಾನೆ. ರಾಜಮನೆತನದ ಪದವಿಯುಳ್ಳ ಅವನ ತಾಯಿ ಮಗನಿಗೆ ಒಂದು ಪೆಟ್ಟನ್ನೂ ಕೊಡುವುದಿಲ್ಲ. ಅವನ ಪ್ರೇಮಕ್ಕೆ ನೆರವಾಗಿದ್ದ ಆಳು ಪೆಟ್ಟು ತಿಂದು ಸಾಯುತ್ತಾನೆ. ಶ್ರೀಮಂತರ ಮನೆಯ ಹುಡುಗನ ಪ್ರೇಮಕ್ಕೆ ತೆರಬೇಕಾದ ಬೆಲೆಯನ್ನು ಬಡವನೊಬ್ಬ ತೆರುತ್ತಾನೆ ಎಂಬ ಸತ್ಯವನ್ನು ಪ್ರೇಮಕಥೆಗಳು ಹೇಳುವುದು ಕಡಿಮೆ. ಪ್ರೇಕ್ಷಕರಲ್ಲಿ ಅರ್ಧದಷ್ಟು ಮಂದಿ ಈಗಲೂ ಚಿ ಹೆಂಗ್‌ಗಾಗಿ ಮರುಗುತ್ತಾರೆ. ನಾನು ಆ ಆಳಿಗಾಗಿ ಮರುಗುವ ಪಕ್ಷದವನು.

ಮುಂದೆ ಗು ತಿಂಗ್‌ಯೆ ಎಂಬ, ಊರೆಲ್ಲ ಕೆಟ್ಟ ಹೆಸರು ಹೊತ್ತ ಶ್ರೀಮಂತ ಮನೆತನದ ಮಗ ತಂತ್ರ ಹೂಡಿ ಅವಳನ್ನು ಮದುವೆಯಾಗುತ್ತಾನೆ. ನಾಯಕ ನಾಯಕಿಯರ ಮದುವೆಗೆ ಕಥೆ ಅರ್ಧದಾರಿಯನ್ನು ದಾಟಿರುತ್ತದೆ, ಮತ್ತು ನನಗೆ ನಿಜವಾದ ಪ್ರೇಮಕಥೆ ಆರಂಭವಾಗುವುದು ಅಲ್ಲಿಂದಲೇ. ಮಿಂಗ್‌ಲಾನ್ ದಕ್ಷ ಗೃಹಿಣಿ: ಲೆಕ್ಕಪತ್ರ ನೋಡುತ್ತಾಳೆ, ಗಂಡನ ಮಲತಾಯಿಯ ಪಟ್ಟುಗಳನ್ನು ನಗುನಗುತ್ತಲೇ ಬಿಡಿಸಿಕೊಳ್ಳುತ್ತಾಳೆ, ಯಾವುದಕ್ಕೂ ಸಿಡಿಮಿಡಿಗೊಳ್ಳುವುದಿಲ್ಲ. ಗಂಡನ ದೂರು ಅದೇ. ನೀನು ಹೆಂಡತಿಯ ಕರ್ತವ್ಯವನ್ನೆಲ್ಲ ಚಾಚೂತಪ್ಪದೆ ಮಾಡುತ್ತೀಯ, ಆದರೆ ನನ್ನ ಮೇಲೆ ಭಾರ ಹಾಕಿ ಒಂದು ದಿನವೂ ನಿಲ್ಲುವುದಿಲ್ಲ ಎಂಬ ಅರ್ಥದಲ್ಲಿ ಅವನು ಜಗಳವಾಡುತ್ತಾನೆ. ಅವಳ ಮೌನದ ಬುಡ ಎಲ್ಲಿದೆ ಎಂಬುದು ಅವನಿಗಿಂತ ಪ್ರೇಕ್ಷಕರಿಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾವು ಆ ಇದ್ದಿಲಿಲ್ಲದ ಕೋಣೆಯನ್ನು ನೋಡಿಬಂದಿದ್ದೇವೆ. ಕೊರಿಯನ್ ಧಾರಾವಾಹಿಗಳಂತೆ ಹದಿನಾರು ಕಂತಿನಲ್ಲಿ ಕಥೆ ಮುಗಿಸಬೇಕಾದವರಿಗೆ ಈ ಜಗಳವನ್ನು ಬರೆಯಬಹುದು, ಅದಕ್ಕೆ ಇಷ್ಟು ತೂಕ ತರಲಾಗದು.

ಉದ್ದದ ವಿಷಯ ಬಂದಾಗ ನಮ್ಮ ಕನ್ನಡ ವಾಹಿನಿಗಳ ಧಾರಾವಾಹಿಗಳ ಹೋಲಿಕೆ ಬಂದೇ ಬರುತ್ತದೆ: ಅತ್ತೆ, ಸೊಸೆ, ಆಸ್ತಿ ಇಲ್ಲೂ ಇಲ್ಲವೇ, ಅದಕ್ಕೆ ಚೀನಾಕ್ಕೆ ಹೋಗಬೇಕೇ ಎನ್ನುತ್ತಾರೆ. ವ್ಯತ್ಯಾಸ ಇರುವುದು ತಯಾರಿಕೆಯ ಕ್ರಮದಲ್ಲಿ. ನಮ್ಮಲ್ಲಿ ಈ ವಾರದ ಟಿಆರ್‌ಪಿ ನೋಡಿಕೊಂಡು ಮುಂದಿನ ಕಂತುಗಳನ್ನು ಬರೆಯುತ್ತಾರೆ. ಕಥೆ ಜನರಿಗೆ ಹಿಡಿಸಿದರೆ ವರ್ಷಗಟ್ಟಲೆ ಬೆಳೆಯುತ್ತದೆ, ಹಿಡಿಸದಿದ್ದರೆ ಒಂದು ಶುಕ್ರವಾರ ಇದ್ದಕ್ಕಿದ್ದಂತೆ ಶುಭಂ. ಚೀನಾದಲ್ಲಿ ಧಾರಾವಾಹಿಯ ಚಿತ್ರೀಕರಣ, ಸಂಕಲನ ಪೂರ್ತಿಯಾಗಿ, ಸರ್ಕಾರದ ನಿಯಂತ್ರಣ ಸಂಸ್ಥೆ ಅದನ್ನು ಪರಿಶೀಲಿಸಿ ಅನುಮತಿ ಕೊಟ್ಟ ಮೇಲೆಯೇ ಪ್ರಸಾರ. ಹೀಗಾಗಿ ಮೊದಲ ಕಂತು ಬರೆಯುವಾಗಲೇ ಕೊನೆಯ ಕಂತು ಗೊತ್ತಿರುತ್ತದೆ, ಅನೇಕ ಸಲ ಅದಕ್ಕೆ ಆಧಾರವಾದ ಅಂತರ್ಜಾಲ ಕಾದಂಬರಿಯೂ ಮೊದಲೇ ಮುಗಿದಿರುತ್ತದೆ. ಎಳೆದಾಟ ಅಲ್ಲೂ ಇತ್ತು. ಕಂತಿನ ಲೆಕ್ಕದಲ್ಲಿ ಮಾರುವ ವ್ಯಾಪಾರದಲ್ಲಿ ಅದು ಸಹಜ. 2020ರಲ್ಲಿ ಆ ನಿಯಂತ್ರಣ ಸಂಸ್ಥೆ ಧಾರಾವಾಹಿಗಳು 40 ಕಂತು ಮೀರಬಾರದು, 30ರೊಳಗೆ ಮುಗಿದರೆ ಇನ್ನೂ ಒಳ್ಳೆಯದು ಎಂದು ಸೂಚಿಸಿತು. ಆಮೇಲೆ ಬಂದ ಎಷ್ಟೋ ಕಥೆಗಳು ಸರಿಯಾಗಿ 40ನೆಯ ಕಂತಿಗೆ ಬಂದು ನಿಂತದ್ದು ಇದರಿಂದಲೇ.

ಹಾಗೆ 40 ಕಂತಿಗೆ ನಿಂತವುಗಳಲ್ಲಿ 2022ರ 'ಎ ಡ್ರೀಮ್ ಆಫ್ ಸ್ಪ್ಲೆಂಡರ್' ನನಗೆ ಇಷ್ಟ. ಸೋಂಗ್ ನಂತರದ ಯುವಾನ್ ರಾಜವಂಶದ ಕಾಲದ ನಾಟಕಕಾರ ಗುವಾನ್ ಹಾನ್‌ಚಿಂಗ್‌ನ ನಾಟಕವೊಂದರಿಂದ ಎಳೆ ತೆಗೆದುಕೊಂಡು, ಅದನ್ನು ಸೋಂಗ್ ಕಾಲದ ರಾಜಧಾನಿಯಲ್ಲಿ ಚಹಾದಂಗಡಿ ತೆರೆಯುವ ಮೂವರು ಹೆಂಗಸರ ಕಥೆಯಾಗಿ ಬೆಳೆಸಿದ್ದಾರೆ. ಲಿಯು ಯಿಫೇ ಅಭಿನಯದ ಝಾವೊ ಪಾನ್‌ಅರ್ ತಾನು ಸಾಕಿ ಓದಿಸಿದ ಭಾವಿಪತಿ ಸಾಮ್ರಾಜ್ಯದ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಮೂರನೆಯವನಾಗಿ ಗೆದ್ದು, ದೊಡ್ಡ ಅಧಿಕಾರಿಯ ಮಗಳಿಗಾಗಿ ತನ್ನನ್ನು ಕೈಬಿಟ್ಟದ್ದನ್ನು ಕೇಳಿ ರಾಜಧಾನಿಗೆ ಹೊರಡುತ್ತಾಳೆ. ಚಹಾಪುಡಿಗೆ ಬಿಸಿನೀರು ಹನಿಸುತ್ತಾ, ಬಿದಿರಿನ ಕಡ್ಡಿಗಳ ಕುಂಚದಿಂದ ಬಟ್ಟಲಲ್ಲೇ ಕಡೆದು ನೊರೆ ಎಬ್ಬಿಸಿ, ಆ ನೊರೆಯ ಮೇಲೆ ಚಿತ್ರ ಬರೆಯುವ ಸೋಂಗ್ ಕಾಲದ ಕಲೆಯನ್ನು ಈ ಧಾರಾವಾಹಿ ಬಿಡಿಬಿಡಿಯಾಗಿ ತೋರಿಸುತ್ತದೆ. ಪಂದ್ಯದಲ್ಲಿ ಅವಳ ಮಣಿಕಟ್ಟಿನ ವೇಗ ನೋಡುವಾಗ ಪ್ರೇಮದ ನೆನಪೇ ಆಗುವುದಿಲ್ಲ. ಅಂಗಡಿ ದೊಡ್ಡ ಭೋಜನಶಾಲೆಯಾದ ಮೇಲೆ ಕಥೆ ಸಡಿಲವಾಗುತ್ತದೆ. ಆಸ್ಥಾನದ ಒಳಸಂಚು ಮುಂದೆ ಬಂದು ವ್ಯಾಪಾರ ಹಿಂದೆ ಸರಿಯುತ್ತದೆ. ಬಾಡಿಗೆ, ಗಿರಾಕಿ, ಬೆಲೆ ಕುರಿತ ಮಾತು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದು ಒಳ್ಳೆಯ ಪ್ರೇಮಕಥೆ ಎಂಬುದು ನನ್ನ ವಿಚಿತ್ರವಾದ ಅಭಿಪ್ರಾಯ.

ದೇವಲೋಕದ ಪ್ರೇಮಕಥೆಗಳನ್ನು, ಅಂದರೆ ಅಭಿಮಾನಿಗಳು ಶಿಯಾನ್‌ಶಿಯಾ ಎಂದು ಕರೆಯುವ ಪ್ರಕಾರವನ್ನು, ನಾನು ಬಹುಕಾಲ ದೂರವಿಟ್ಟಿರಬಹುದು ಎಂದು ಹಲವರು ಊಹಿಸುತ್ತಾರೆ. ಶಾಪ, ತಪಸ್ಸು, ಭೂಲೋಕದಲ್ಲಿ ಹುಟ್ಟಿ ಕಷ್ಟ ಅನುಭವಿಸಿ ಮತ್ತೆ ಮೇಲೇರುವುದು, ಇವೆಲ್ಲ ಪುರಾಣ ಕೇಳಿ ಬೆಳೆದ ನಮಗೆ ಹೊಸದೇನಲ್ಲ. ಇಂಗ್ಲಿಷ್ ಪ್ರೇಕ್ಷಕರಿಗೆ ಅಡಿಟಿಪ್ಪಣಿ ಬೇಕಾಗುವ ಕಡೆ ನಮಗೆ ಬೇಕಾಗುವುದಿಲ್ಲ. 2017ರ 'ಎಟರ್ನಲ್ ಲವ್' ಇದರ ಹೆಸರಾಂತ ಮಾದರಿ, 58 ಕಂತು. ಒಂಬತ್ತು ಬಾಲದ ನರಿಕುಲದ ನಾಯಕಿ ಬಾಯ್ ಚಿಯಾನ್‌ಗೆ 1,40,000 ವರ್ಷ, ದೇವಲೋಕದ ಯುವರಾಜ ಯೆ ಹುವಾನಿಗೆ 50,000 ವರ್ಷ. ಹುಡುಗಿ ದೊಡ್ಡವಳು ಎಂಬ ತಕರಾರು ಮೋಡದ ಮೇಲೂ ಇದೆ. ಆಕೆಯ ಮದುವೆ ಮೊದಲು ಗೊತ್ತಾಗಿದ್ದು ಆ ಮನೆಯ ಎರಡನೆಯ ರಾಜಕುಮಾರನಿಗೆ. ಅವನು ಅವಳ ಸೇವಕಿಯೊಂದಿಗೇ ಹೊರಟುಹೋದಾಗ ಆದ ಅವಮಾನವನ್ನು ಸರಿಪಡಿಸಲು, ಮುಂದೆ ಯುವರಾಜನಾಗುವವನಿಗೆ ಅವಳನ್ನು ಕೊಡುವುದೆಂದು ದೇವಲೋಕದ ದೊರೆ ತೀರ್ಮಾನಿಸುತ್ತಾನೆ. ಇದು ಅಪ್ಪಟ ಅವಿಭಕ್ತ ಕುಟುಂಬದ ನ್ಯಾಯ. ನೆನಪು ಕಳೆದುಕೊಂಡು ಸಾಮಾನ್ಯ ಮನುಷ್ಯಳಾಗಿ ಅದೇ ಯುವರಾಜನನ್ನು ಪ್ರೀತಿಸಿ ದೇವಲೋಕಕ್ಕೆ ಬಂದಾಗ ಅವಳಿಗೆ ತವರೆಂಬುದಿರುವುದಿಲ್ಲ, ಪರವಾಗಿ ಸಾಕ್ಷಿ ಹೇಳುವವರಿರುವುದಿಲ್ಲ. ಸುಳ್ಳು ಆರೋಪ ಬಂದಾಗ ಅವಳ ಕಣ್ಣುಗಳನ್ನೇ ಕಿತ್ತುಕೊಳ್ಳಲಾಗುತ್ತದೆ, ಅದೂ ಅವಳನ್ನು ಪ್ರೀತಿಸುವವನ ಕೈಯಿಂದ. ಗ್ರಾಫಿಕ್ಸ್ ನೋಡಿ ನಕ್ಕವರೂ ಆ ಭಾಗದಲ್ಲಿ ನಗುವುದಿಲ್ಲ. ದೇವತೆಗಳ ವೇಷ ತೆಗೆದರೆ ಉಳಿಯುವುದು ಬಲವಿಲ್ಲದ ಮನೆಯಿಂದ ದೊಡ್ಡ ಮನೆಗೆ ಬಂದ ಹೆಣ್ಣಿನ ಪಾಡು.

ಆಧುನಿಕ ಕಥೆಗಳಲ್ಲಿ ಈ ಮನೆ ಕುಗ್ಗಿಹೋಗಿದೆ, ನನ್ನ ಆಸಕ್ತಿಯೂ ಅಷ್ಟೇ. ನಾಯಕಿಗೆ ಒಬ್ಬ ಗೆಳತಿ, ನಾಯಕನಿಗೆ ಒಬ್ಬ ಸಹಾಯಕ, ಇಬ್ಬರಿಗೂ ವಿಶಾಲವಾದ ಫ್ಲ್ಯಾಟ್. ಅದನ್ನು ಕೊಂಡ ಹಣ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕೇಳುವ ಧಾರಾವಾಹಿಗಳು ಮಾತ್ರ ನೆನಪಿನಲ್ಲಿ ಉಳಿಯುತ್ತವೆ. 2021ರ 'ಯು ಆರ್ ಮೈ ಗ್ಲೋರಿ'ಯಲ್ಲಿ ನಾಯಕ ಬಾಹ್ಯಾಕಾಶ ವಿನ್ಯಾಸಕ, ನಾಯಕಿ ಪ್ರಖ್ಯಾತ ನಟಿ. ತಾಯಿಯ ಕಾಯಿಲೆಯ ಹಿನ್ನೆಲೆಯಲ್ಲಿ ಅವನು, ಇಷ್ಟದ ಕೆಲಸ ಬಿಟ್ಟು ಹೆಚ್ಚು ಸಂಬಳದ ಹಣಕಾಸು ಕ್ಷೇತ್ರಕ್ಕೆ ಹೋಗಲೇ ಎಂದು ತೂಗುತ್ತಾನೆ. ಹುಡುಗಿಯ ಪ್ರೀತಿ ಕಾಣುತ್ತಿದ್ದರೂ ತನ್ನ ಸಂಬಳ ನೆನೆದು ಹಿಂದೆ ಸರಿಯುತ್ತಾನೆ. ಬೆಂಗಳೂರಿನಲ್ಲಿ ಮನೆ ಕೊಳ್ಳುವ ಲೆಕ್ಕ ಹಾಕಿದ ಯಾವ ಎಂಜಿನಿಯರನಿಗೂ ಆ ಹಿಂಜರಿಕೆಯನ್ನು ವಿವರಿಸಬೇಕಾಗಿಲ್ಲ. 2023ರಲ್ಲಿ ಹೊರದೇಶಗಳಲ್ಲೂ ಜನಪ್ರಿಯವಾದ 'ಹಿಡನ್ ಲವ್' ಬಗ್ಗೆ ನನಗೆ ಅಷ್ಟು ಒಲವಿಲ್ಲ. ತಂದೆಯ ಅಪರಾಧದ ಸಾಲವನ್ನು ಮಗ ತೀರಿಸುತ್ತಿರುವ ಎಳೆ ಗಟ್ಟಿಯಾಗಿದೆ. ಆದರೆ ಶಾಲೆಗೆ ಹೋಗುವ ಹುಡುಗಿ ಅಣ್ಣನ ಗೆಳೆಯನಿಗೆ ಮನಸೋಲುವ ಭಾಗಗಳನ್ನು ಅಷ್ಟು ಮುದ್ದಾಗಿ ತೋರಿಸುವುದು, ಅವನ ನಡತೆ ಎಷ್ಟೇ ಸಭ್ಯವಾಗಿದ್ದರೂ, ನನಗೆ ಸರಿಕಾಣುವುದಿಲ್ಲ.

ತುಟಿಯ ಚಲನೆಗೂ ಧ್ವನಿಗೂ ತಾಳೆಯಿಲ್ಲವೆಂದು ದೂರುವವರೂ ಉಂಟು. ಅಲ್ಲಿ ಬಹಳಷ್ಟು ಧಾರಾವಾಹಿಗಳಿಗೆ, ವಿಶೇಷವಾಗಿ ಹಳೆಯ ಕಾಲದ ಕಥೆಗಳಿಗೆ, ಕಂಠದಾನ ಕಲಾವಿದರೇ ಧ್ವನಿ ಕೊಡುತ್ತಾರೆ. ನಟನಟಿಯರು ಬೇರೆ ಬೇರೆ ಪ್ರಾಂತ್ಯಗಳ ಉಚ್ಚಾರಣೆಯವರು. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ದಿಯಾನ್‌ನಂಥ, ಬೀಜಿಂಗ್ ಅರಮನೆಯನ್ನೇ ಪೂರ್ಣ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿರುವ ಚಿತ್ರನಗರಿಯಲ್ಲಿ ಏಕಕಾಲಕ್ಕೆ ಹಲವು ತಂಡಗಳು ಕೆಲಸ ಮಾಡುವಾಗ ನೇರ ಧ್ವನಿಮುದ್ರಣ ಕಷ್ಟ. ಪರಭಾಷೆಯ ನಾಯಕಿಯರ ತುಟಿಗೆ ನಮ್ಮವರ ಧ್ವನಿ ಕೂರಿಸಿದ ಸಿನಿಮಾಗಳನ್ನು ನೋಡಿ ಪಳಗಿದ ಕನ್ನಡಿಗರಿಗೆ ಇದೊಂದು ಕೊರತೆಯೇ ಅಲ್ಲ.

ಎಲ್ಲಿಂದ ಆರಂಭಿಸಬೇಕು ಎಂಬ ಉಪಪ್ರಶ್ನೆಗೂ ಇಲ್ಲೇ ಹೇಳಿಬಿಡುತ್ತೇನೆ. 2020ರ ನವೆಂಬರ್‌ನಲ್ಲಿ ಭಾರತ ಸರ್ಕಾರ ನಿರ್ಬಂಧಿಸಿದ ಆ್ಯಪ್‌ಗಳಲ್ಲಿ ಚೀನೀ ಧಾರಾವಾಹಿಗಳನ್ನು ತೋರಿಸುವ ವೀಟಿವಿ, ಮ್ಯಾಂಗೋ ಟಿವಿ ಸೇರಿವೆ. ಆದರೂ ತಯಾರಕರ ಅಧಿಕೃತ ಯೂಟ್ಯೂಬ್ ವಾಹಿನಿಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್‌ಗಳೊಂದಿಗೆ ಬೇಕಾದಷ್ಟು ಸಿಗುತ್ತದೆ, ಕೆಲವು ನೆಟ್‌ಫ್ಲಿಕ್ಸ್‌ನಲ್ಲೂ ಬಂದಿವೆ. ಹೊಸಬರು ಮಿಂಗ್‌ಲಾನ್‌ಗೆ ನೇರವಾಗಿ ಕೈಹಾಕುವುದು ಬೇಡ. ಮೊದಲ ಕೆಲವು ಕಂತುಗಳಲ್ಲಿ ಯಾರು ಯಾರ ಮಗಳು ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕಾಗುತ್ತದೆ. ಚಹಾದಂಗಡಿಯ ಕಥೆಯಿಂದ ಆರಂಭಿಸಿ. ಮೂವರೂ ಹೆಂಗಸರು ಅಂಗಡಿಯ ಬಾಗಿಲು ತೆರೆಯುವವರೆಗೆ ನೋಡಿದ ಮೇಲೂ ಹಿಡಿಸದಿದ್ದರೆ ಈ ಪ್ರಕಾರ ನಿಮಗಲ್ಲ, ಧಾರಾಳವಾಗಿ ಕೊರಿಯಾಕ್ಕೆ ಹಿಂದಿರುಗಬಹುದು.