ಐ7 ಅಂದ ಕೂಡಲೇ ದುಡ್ಡು ಕೊಡಬೇಡಿ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ, ಆರ್‌ಜಿಬಿ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್. ಒಟ್ಟು 38,000."

ಹೀಗೆ ಬರೆದ ಕೊಟೇಶನ್ ಚೀಟಿಯ ಫೋಟೋ ಮೊನ್ನೆ ವಾಟ್ಸಾಪಿಗೆ ಬಂತು. ಕಳಿಸಿದ್ದು ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಮ್ಮನ ಮಗ. ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಓದೋಕೆ ಬೇಕು ಅಂತ ಹೇಳಿ ಮನೆಯಲ್ಲಿ ಮಾನಿಟರ್ ಬಿಟ್ಟು ಅರವತ್ತು ಸಾವಿರಕ್ಕೆ ಒಪ್ಪಿಸಿದ್ದಾನೆ, ಅದು ಬೇರೆ ಕಥೆ. "ಅಣ್ಣಾ, ಐ7 ಐತೆ, ಇದ್ರಾಗೆ ಎಲ್ಲಾ ಗೇಮ್ ಓಡ್ತಾವಲ್ಲ? ಉಳಿದ ದುಡ್ಡಿಗೆ ಗೇಮಿಂಗ್ ಕುರ್ಚಿ ತಗಳ್ಳಾ?" ಅಂತ ಕೇಳಿದ. ಕುರ್ಚಿ ಆಮೇಲೆ ನೋಡೋಣ, ಮೊದಲು ಆ ಐ7 ಮುಂದಿನ ನಂಬರ್ ಏನು ಕೇಳು ಅಂದೆ. ಅಂಗಡಿಯವರು ಎರಡು ಸಲ ಮಾತು ತಿರುಗಿಸಿ ಕೊನೆಗೆ ಹೇಳಿದರಂತೆ, ಐ7-3770.

ಅದು 2012ರ ಪ್ರೊಸೆಸರ್. ಆ ಕಾಲಕ್ಕೆ ರಾಜ, ಸುಳ್ಳಲ್ಲ. ನಾಲ್ಕು ಕೋರ್ (ಕೆಲಸ ಮಾಡುವ ಕೈಗಳು), ಎಂಟು ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸ). ಆದರೆ 2022ರಲ್ಲಿ ಬಂದ ಐ3-12100ಎಫ್‌ಗೂ ಅದೇ ನಾಲ್ಕು ಕೋರ್, ಎಂಟು ಥ್ರೆಡ್ ಇದೆ, ಒಂದೊಂದು ಕೋರಿನ ಓಟದಲ್ಲಿ ಅದು ಈ ಹಳೇ ಐ7ನ್ನು ಬಹಳ ಹಿಂದೆ ಬಿಡುತ್ತದೆ. ಐ3, ಐ5, ಐ7 ಅನ್ನುವುದೆಲ್ಲ ಆಯಾ ವರ್ಷದ ಮನೆಯೊಳಗಿನ ದೊಡ್ಡವ ಚಿಕ್ಕವ ಅಷ್ಟೇ. ಯಾವ ವರ್ಷದ್ದು ಅಂತ ಗೊತ್ತಾಗುವುದು ಮುಂದಿನ ನಂಬರಿನಿಂದ. ಇನ್ನೊಂದು ತಲೆನೋವು ವಿಂಡೋಸ್‌ದು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನ ಎಂಟನೇ ಜನರೇಷನ್ನಿಗಿಂತ ಹಳೆಯದನ್ನು, ಬೆರಳೆಣಿಕೆಯಷ್ಟು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ, ಈ 3770 ಮೂರನೇ ಜನರೇಷನ್. ಹೇಗೋ ಏನೋ ಮಾಡಿ ವಿಂಡೋಸ್ 11 ಹಾಕಿದರೂ ವ್ಯಾಲರೆಂಟ್ ಆಡೋಕೆ ಹೋದರೆ ಟಿಪಿಎಂ 2.0 ಎಲ್ಲಿ, ಸೆಕ್ಯೂರ್ ಬೂಟ್ ಎಲ್ಲಿ (ಎರಡೂ ಕಂಪ್ಯೂಟರಿನ ಭದ್ರತಾ ವ್ಯವಸ್ಥೆ) ಅಂತ ಬಾಗಿಲಲ್ಲೇ ನಿಲ್ಲಿಸುತ್ತದೆ. ನಮ್ಮ ಹುಡುಗ ಆಡುವುದೇ ವ್ಯಾಲರೆಂಟ್.

ಇನ್ನು ಆ "4 ಜಿಬಿ ಗ್ರಾಫಿಕ್ಸ್". ಅದು ಜಿಟಿ 730. 2014ರ ಕಾರ್ಡು. ಕಾರ್ಡಿನ ಮೆಮೊರಿ ಎಷ್ಟು ಜಿಬಿ ಅನ್ನುವುದಕ್ಕೂ ಕಾರ್ಡು ಎಷ್ಟು ಜೋರು ಅನ್ನುವುದಕ್ಕೂ ನೇರ ಸಂಬಂಧ ಇಲ್ಲ, ಆದರೆ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದೊಂದೇ. ಜಿಟಿ 730ರ 64 ಬಿಟ್ ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ 14.4 ಜಿಬಿ ಡೇಟಾ ಓಡಾಡಬಹುದು. ಎಎಂಡಿ ಕಂಪನಿಯ ಗೇಮಿಂಗ್ ಕಾರ್ಡು ಆರ್‌ಎಕ್ಸ್ 6600ರಲ್ಲಿ 224 ಜಿಬಿ. ಈ ಎರಡು ನಂಬರ್ ಕಳಿಸಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಿಲ್ಲ. ಆ 64 ಬಿಟ್ ಜಿಟಿ 730 ಸೇರಿ ಕೆಪ್ಲರ್ ಕಾಲದ ಕಾರ್ಡುಗಳಿಗೆ, ಅವನ್ನು ಮಾಡಿದ ಎನ್ವಿಡಿಯಾ ಹೊಸ ಗೇಮ್ ಡ್ರೈವರ್ ಕೊಡುವುದನ್ನು 2021ರಲ್ಲೇ ನಿಲ್ಲಿಸಿದೆ, ಅದನ್ನೂ ಹೇಳಿದೆ. ಡಿಸ್‌ಪ್ಲೇ ಬರಲಿ ಅಂತ ಹಾಕುವ ಕಾರ್ಡನ್ನು ಗೇಮಿಂಗ್ ಕಾರ್ಡು ಅಂತ ಮಾರುವುದು ನಮ್ಮ ಕಡೆ ಇನ್ನೂ ನಡೀತಾ ಇದೆ.

ಸರಿ, ಹಾಗಾದರೆ ಏನು ತಗೋಬೇಕು?

ಮೊದಲು ಯಾರ ಕೆಲಸ ಏನು ಅಂತ ತಿಳಿದರೆ ದುಡ್ಡು ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತದೆ. ಮೆಕ್ಕೆಜೋಳದ ಸೀಸನ್ನಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಹೋಗಿ ನೋಡಿ. ತೂಕ ನೋಡಿ ಚೀಟಿ ಬರೆಯುವವರು ಕೆಲವೇ ಜನ, ಚೀಲ ಹೊರುವ ಹಮಾಲರು ಹಿಂಡುಗಟ್ಟಲೆ. ಪ್ರೊಸೆಸರ್ ಚೀಟಿ ಬರೆಯುತ್ತದೆ, ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಮುಂದಿನ ಫ್ರೇಮಲ್ಲಿ ಏನಿರಬೇಕು ಅಂತ. ಗ್ರಾಫಿಕ್ಸ್ ಕಾರ್ಡು ಅದನ್ನು ಸ್ಕ್ರೀನ್ ಮೇಲೆ ಹೊತ್ತು ಹಾಕುತ್ತದೆ. ಚೀಟಿ ನಿಧಾನ ಆದರೆ ಹಮಾಲರು ಬೀಡಿ ಹಚ್ಚಿ ಕೂರುತ್ತಾರೆ. ಹಮಾಲರು ಕಮ್ಮಿ ಇದ್ದರೆ ಚೀಟಿ ರಾಶಿ ಬೀಳುತ್ತದೆ. ಬಾಟಲ್‌ನೆಕ್ ಅಂತ ಯೂಟ್ಯೂಬಲ್ಲಿ ಗಂಟೆಗಟ್ಟಲೆ ಹೇಳುವುದು ಇಷ್ಟನ್ನೇ.

ವ್ಯಾಲರೆಂಟ್, ಸಿಎಸ್2 (ಕೌಂಟರ್-ಸ್ಟ್ರೈಕ್ 2) ತರದ ಶೂಟಿಂಗ್ ಗೇಮ್‌ಗಳಲ್ಲಿ ಚೀಟಿ ಬರೆಯುವ ಕೆಲಸ ಜಾಸ್ತಿ. ದೊಡ್ಡ ಕಥೆಯ, ಮಳೆ ಕಾಡು ನೆರಳು ಎಲ್ಲ ತೋರಿಸುವ ಗೇಮ್‌ಗಳಲ್ಲಿ ಕಾರ್ಡಿಗೆ ಬೆವರು. ಎರಡೂ ಆಡುವವರಿಗೆ ನನ್ನ ಲೆಕ್ಕ ಇಷ್ಟೇ. ಆರು ಕೋರಿನ ಪ್ರೊಸೆಸರಿಗೆ ನಿಲ್ಲಿಸಿ, ಮಿಕ್ಕ ದುಡ್ಡು ಕಾರ್ಡಿಗೆ ಹಾಕಿ. ಐ7, ಎಎಂಡಿಯ ರೈಜೆನ್ 7 ಅಂತ ಆಸೆ ಬಿದ್ದು ಕಾರ್ಡಲ್ಲಿ ಕೈ ಹಿಡಿಯುವುದು ಈ ಬಜೆಟ್ಟಲ್ಲಿ ಶುದ್ಧ ದಂಡ.

ಹುಡುಗನಿಗೆ ಬರೆದುಕೊಟ್ಟಿದ್ದು ರೈಜೆನ್ 5 5600 ಮತ್ತು ಆರ್‌ಎಕ್ಸ್ 6600. 5600ಗೆ ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಐ5-12400ಎಫ್ ಕಡಿಮೆಗೆ ಸಿಕ್ಕರೆ ಅದೂ ಆಗುತ್ತದೆ, ನಾನು ಜಗಳ ಆಡಲ್ಲ. ಎರಡೂ ಡಿಡಿಆರ್4 ರ‍್ಯಾಮಿನಲ್ಲಿ ಓಡುತ್ತವೆ, 12400ಎಫ್‌ಗೆ ಮಾತ್ರ ಡಿಡಿಆರ್4 ಬೋರ್ಡೇ ನೋಡಿ ತಗೋಬೇಕು. ಆರ್‌ಎಕ್ಸ್ 6600 ಹೊಸದೇನಲ್ಲ, 2021ರ ಅಕ್ಟೋಬರಲ್ಲಿ ಬಂದಿದ್ದು. ಆದರೆ 8 ಜಿಬಿ ಮೆಮೊರಿ, 132 ವ್ಯಾಟ್, 1080ಪಿ ಮಾನಿಟರಿಗೆ ಇವತ್ತಿಗೂ ಗಟ್ಟಿ.

"ಆರ್‌ಟಿಎಕ್ಸ್ ಅಲ್ವಲ್ಲಣ್ಣ ಇದು" ಅಂತ ಅವನ ಬೇಜಾರು. ಕ್ಲಾಸಲ್ಲಿ ಹೇಳಿಕೊಳ್ಳೋಕೆ ಎನ್ವಿಡಿಯಾದ ಆರ್‌ಟಿಎಕ್ಸ್ ಬೇಕು, ಅರ್ಥ ಆಗುತ್ತದೆ. ಆದರೆ ಈ ಬೆಲೆಗೆ ಸಿಗುವ ಆರ್‌ಟಿಎಕ್ಸ್ 3050ಯಲ್ಲಿ ಎರಡು ತರ ಇವೆ. 2022ರಲ್ಲಿ ಬಂದ 8 ಜಿಬಿಯದು ಒಂದು. 2024ರಲ್ಲಿ ಅದೇ ಹೆಸರಲ್ಲಿ ಬಂದ 6 ಜಿಬಿಯದು ಇನ್ನೊಂದು, ಅದರಲ್ಲಿ ಕೋರೂ ಕಮ್ಮಿ, ಮೆಮೊರಿ ದಾರಿಯೂ 128 ಬಿಟ್ ಹೋಗಿ 96 ಬಿಟ್ ಆಗಿದೆ. ಗೇಮಿಂಗಿಗೆ ಆರ್‌ಎಕ್ಸ್ 6600 ಎರಡಕ್ಕಿಂತಲೂ ಮುಂದೆ. ಹಾಗಂತ 6 ಜಿಬಿಯದು ದಂಡ ಅಂತಲ್ಲ. ಮನೆಯಲ್ಲಿ ಹಳೇ ಆಫೀಸ್ ಕಂಪ್ಯೂಟರ್ ಇದ್ದು ಅದಕ್ಕೇ ಕಾರ್ಡು ಹಾಕಬೇಕು ಅನ್ನುವವರಿಗೆ ಅದು ವರ, ಯಾಕಂದರೆ 70 ವ್ಯಾಟಲ್ಲಿ ಮುಗಿಯುತ್ತದೆ, ಬಹುಪಾಲು ಮಾದರಿಗಳಿಗೆ ಬೇರೆ ಪವರ್ ವೈರೇ ಬೇಡ. ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್), ಎಐ ಪ್ರಾಜೆಕ್ಟ್ ಅಂತ ನಿಜವಾಗಿಯೂ ಮಾಡುವವರಾದರೆ ಎನ್ವಿಡಿಯಾ ಕಡೆ ಹೋಗೋಕೆ ಕಾರಣ ಇದೆ, ಆ ಸಾಫ್ಟ್‌ವೇರ್‌ಗಳು ಎನ್ವಿಡಿಯಾದ್ದೇ ಆದ CUDA ಅನ್ನುವ ವ್ಯವಸ್ಥೆ ಮೇಲೆ ಚೆನ್ನಾಗಿ ಓಡುತ್ತವೆ. ದುಡ್ಡು ಇನ್ನೂ ಇದ್ದರೆ ಆರ್‌ಟಿಎಕ್ಸ್ 4060. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ ಅಂತ ಬೀಳಬೇಡಿ, 4 ಜಿಬಿ ಸಾಲಲ್ಲ, ಮೇಲಾಗಿ ಅದು ಮದರ್‌ಬೋರ್ಡಿನ ಜೊತೆ ಡೇಟಾ ಓಡಾಡೋಕೆ ನಾಲ್ಕೇ ಲೇನ್ (ದಾರಿ) ಇರುವ ಕಾರ್ಡು, ಬಿ450 ತರದ ಹಳೇ ಪಿಸಿಐಇ 3.0 ದಾರಿಯ ಬೋರ್ಡಿಗೆ ಹಾಕಿದರೆ ಇನ್ನೂ ಸೊರಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. 2022ರ ಸೆಪ್ಟೆಂಬರಲ್ಲಿ ಗ್ರಾಫಿಕ್ಸ್ ಕಾರ್ಡು ಓಡಿಸಿ ಇಥೀರಿಯಂ ಅನ್ನುವ ಕ್ರಿಪ್ಟೋ ದುಡ್ಡು ಗಳಿಸುವ ಮೈನಿಂಗ್ ನಿಂತ ಮೇಲೆ ರಾಶಿ ಕಾರ್ಡು ಮಾರ್ಕೆಟ್ಟಿಗೆ ಬಂದವು, ಅವೇ ಇನ್ನೂ ಕೈ ಬದಲಾಯಿಸುತ್ತಾ ತಿರುಗುತ್ತಿವೆ. ಎದುರಿಗೇ ಗೇಮ್ ಓಡಿಸಿ ತೋರಿಸಿದರೆ, ಬಿಲ್ ಇದ್ದರೆ, ಕಾರ್ಡಿನ ಮೇಲಿನ ಸೀರಿಯಲ್ ನಂಬರೂ ಬಿಲ್ಲಿನದೂ ಒಂದೇ ಆಗಿದ್ದರೆ ತಗೊಳ್ಳಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ಒಮ್ಮೆ ನೋಡಿ. ಆರ್‌ಎಕ್ಸ್ 580 ಅಂತ ಕೊಡುವುದು ಎಷ್ಟೋ ಸಲ 2048ಎಸ್‌ಪಿ ಮಾದರಿ ಆಗಿರುತ್ತದೆ, ಅಂದರೆ ಒಳಗಿನ ಸಣ್ಣ ಕೋರು 2048 ಅಷ್ಟೇ, ಅಸಲಿಗೆ 2304 ಇರಬೇಕು.

ರ‍್ಯಾಮ್ ಮಾತ್ರ ಈಗ ಹೊಟ್ಟೆ ಉರಿಸುತ್ತಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ಬೆಲೆ ಸಿಕ್ಕಾಪಟ್ಟೆ ಏರಿತು. ಆದರೂ 16 ಜಿಬಿಗೆ ಕಮ್ಮಿ ಬೇಡ, ಒಂದೇ 16ರ ಬದಲು ಎರಡು 8 ಹಾಕಿಸಿ. ಕಾರ್ಡಿಗೆ ಸದ್ಯಕ್ಕೆ ದುಡ್ಡೇ ಇಲ್ಲ ಅನ್ನುವವರು ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ತಗೊಂಡು ವ್ಯಾಲರೆಂಟ್ ಆಡುತ್ತಾ ಇರಬಹುದು, ಅದಕ್ಕಂತೂ ಎರಡು ಸ್ಟಿಕ್ ಬೇಕೇ ಬೇಕು. ಮುಂದೆ ಕಾರ್ಡು ಹಾಕಿದಾಗ 5600ಗಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಎಲ್3 ಕ್ಯಾಷ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಅರ್ಧ ಅಷ್ಟೇ, 32ರ ಜಾಗದಲ್ಲಿ 16 ಎಂಬಿ.

ಆ ಚೀಟಿಯಲ್ಲಿ ನನಗೆ ಐ7ಗಿಂತ ಭಯ ಹುಟ್ಟಿಸಿದ್ದು "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್". ಎಸ್‌ಎಂಪಿಎಸ್ ಅಂದರೆ ಎಲ್ಲ ಪಾರ್ಟಿಗೂ ಕರೆಂಟ್ ಕೊಡುವ ಪವರ್ ಸಪ್ಲೈ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಆ ಡಬ್ಬಿ ಎತ್ತಿ ನೋಡಿ, ಖಾಲಿ ಟಿಫನ್ ಬಾಕ್ಸಿನಷ್ಟೂ ಭಾರ ಇರಲ್ಲ. ಮೇಲೆ 450 ವ್ಯಾಟ್ ಅಂತ ದಪ್ಪಕ್ಷರ. ಪಕ್ಕದ ಸ್ಟಿಕ್ಕರಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಅಂತ ಓದಿ ಹನ್ನೆರಡರಿಂದ ಗುಣಿಸಿ, ಎಷ್ಟೋ ಸಲ 200 ಕೂಡ ದಾಟಲ್ಲ. ಏಪ್ರಿಲಲ್ಲಿ ದಾವಣಗೆರೆ, ದುರ್ಗದ ತಾರಸಿ ಕೆಳಗಿನ ರೂಮು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಅದರ ಮೇಲೆ ವೋಲ್ಟೇಜ್ ಏರಿಳಿತ ಬೇರೆ. ಒಳ್ಳೆ ಕಂಪನಿಯ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಮ್ಮಿ ಪೋಲು ಮಾಡುತ್ತದೆ ಅನ್ನುವ ಗುರುತು) ಇರುವ ಎಸ್‌ಎಂಪಿಎಸ್ ಹಾಕಿಸಿ, ಆರ್‌ಜಿಬಿ ಫ್ಯಾನ್ ಬೇಕಾದರೆ ಬಿಡಿ. ಕ್ಯಾಬಿನೆಟ್ಟಿನ ಮುಂದೆ ಗಾಜಿರಬಾರದು, ಜಾಲರಿ ಇರಬೇಕು. ಧೂಳು ಹೇಗೂ ಬರುತ್ತದೆ, ಆಗಾಗ ಬ್ಲೋವರ್ ಹಿಡಿಯಿರಿ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕಾ ಅಂತ ಕೇಳಿದ. ಒಟ್ಟು ಲೆಕ್ಕದಲ್ಲಿ ಎರಡು ಮೂರು ಸಾವಿರ ಉಳಿಯುವುದಾದರೆ ನಾನಂತೂ ಊರಲ್ಲೇ ತಗೊಳ್ಳುತ್ತೇನೆ. ಬಸ್ ಚಾರ್ಜು, ಊಟ ಕಳೆದರೆ ಏನು ಉಳೀತು? ಮುಂದೆ ವಾರಂಟಿಗೆ ಓಡಾಡೋಕೆ ಹತ್ತಿರದ ಅಂಗಡಿ ಇದ್ದರೆ ಒಳ್ಳೇದು. ಆದರೆ ಜಿಎಸ್‌ಟಿ ಬಿಲ್ಲಲ್ಲಿ ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಳ್ಳಬೇಕು, ಬರೀ "ಗ್ರಾಫಿಕ್ಸ್ ಕಾರ್ಡ್ 8 ಜಿಬಿ" ಅಂದರೆ ನಡೆಯಲ್ಲ.

ಜೋಡಿಸಿ ಮನೆಗೆ ತಂದ ಮೇಲೆ ಎಚ್‌ಡಿಎಂಐ ವೈರನ್ನು ಮದರ್‌ಬೋರ್ಡಿಗೆ ಚುಚ್ಚಬೇಡಿ, ಕೆಳಗಿರುವ ಕಾರ್ಡಿಗೆ ಚುಚ್ಚಿ. 5600ಗೆ ಒಳಗೆ ಗ್ರಾಫಿಕ್ಸ್ ಇಲ್ಲ, ಮೇಲಿನದಕ್ಕೆ ಹಾಕಿದರೆ ಸ್ಕ್ರೀನ್ ಕಪ್ಪಗೇ ಇರುತ್ತದೆ. ಬಯೋಸಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಾ ಇರುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಮಾನಿಟರ್ 60 ಹರ್ಟ್ಸಲ್ಲೇ ನಿಂತಿದೆಯಾ ನೋಡಿ, 100ರ ಮಾನಿಟರ್ ಆದರೆ 100ಕ್ಕೆ ಇಡಿ.