ಹನ್ನೊಂದು, ಹತ್ತೊಂಬತ್ತು

ಮಾರ್ಚ್ ಮೊದಲ ವಾರ ಅಂದರೆ ನಮ್ಮ ಕರಾವಳಿಯಲ್ಲಿ ಆಗಲೇ ಶೆಕೆ ಜೋರು. ಬೆಳಗ್ಗೆ ಹತ್ತಕ್ಕೆಲ್ಲ ಸ್ಟಾಫ್ ರೂಮಿನ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಇನ್ನೂ ಅರ್ಧ ತಿದ್ದಿರುತ್ತೇವೆ. ಎಂಟು, ಒಂಬತ್ತರ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಆಗಿರುವುದಿಲ್ಲ. ಹತ್ತನೇ ತರಗತಿಯ ಬೀಳ್ಕೊಡುಗೆಗೆ ಕೇಸರಿಬಾತೋ ಜಿಲೇಬಿಯೋ ಎಂಬ ಚರ್ಚೆ ಬೇರೆ. ಇದರ ನಡುವೆ ಆಂತರಿಕ ಅಂಕ ತುಂಬುವ ಕೊನೇ ದಿನ ಬಂದು ನಿಲ್ಲುತ್ತದೆ.

ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ 125 ಶಾಲೆಯ ಕೈಯಲ್ಲೇ ಇರುತ್ತದೆ ಅನ್ನುವುದು ಪಾಲಕರಲ್ಲಿ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ 20ರಂತೆ. ವರ್ಷದಲ್ಲಿ ನಾಲ್ಕು ಸಲ ಚಟುವಟಿಕೆ ಮಾಡಿಸಿ, ಕಿರುಪರೀಕ್ಷೆ ಕೊಟ್ಟು, ಎಲ್ಲ ಕೂಡಿಸಿ, 20ಕ್ಕೆ ಇಳಿಸಿ ಬೋರ್ಡಿನ ಪೋರ್ಟಲಿಗೆ ಹಾಕಬೇಕು. ಆಮೇಲೆ ಪ್ರಿಂಟ್ ತೆಗೆದು ಮಕ್ಕಳಿಂದ ಸಹಿ ಹಾಕಿಸಬೇಕು. ನಾನು ವಿಜ್ಞಾನದವಳು.

ನಮ್ಮ ಹತ್ತನೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗರು. ಮನೆತನದ ಹೆಸರೂ ಒಂದೇ. ತಂದೆಯ ಹೆಸರು ನೋಡಿದರೆ ಮಾತ್ರ ಯಾರು ಯಾರು ಅಂತ ತಿಳಿಯುತ್ತದೆ. ಒಬ್ಬ ಗುಡ್ಡದ ಬದಿಯಿಂದ ಬರುತ್ತಾನೆ, ಇನ್ನೊಬ್ಬ ಹೊಳೆ ದಾಟಿ ಬರುತ್ತಾನೆ. ಹಾಗಾಗಿ ತರಗತಿಗೆ ಅವರು ಗುಡ್ಡೆ ಮತ್ತು ಹೊಳೆ. ಹಾಜರಿ ಕರೆಯುವಾಗ ನನ್ನ ಬಾಯಲ್ಲೂ ಒಮ್ಮೊಮ್ಮೆ ಅದೇ ಬಂದುಬಿಡುತ್ತದೆ.

ಗುಡ್ಡೆಯ ಚಟುವಟಿಕೆ ಹಾಳೆಗಳು ಒಂದೂ ತಪ್ಪುವುದಿಲ್ಲ. ಅಕ್ಷರ ಮುತ್ತಲ್ಲ, ಆದರೆ ಎಲ್ಲ ಇರುತ್ತದೆ. ಹೊಳೆಯದು ಅರ್ಧಕ್ಕರ್ಧ ಖಾಲಿ. ಅವನ ಹಾಜರಿ ನೋಡಿದರೆ ಪಂಚಾಂಗ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಹೊಳೆಯ ನೀರು ಜಾಸ್ತಿ ಇಳಿಯುತ್ತದೆ. ಆಗ ಕೆಸರಿನಲ್ಲಿ ಸಿಗುವ ಬಳಚು ಅನ್ನುವ ಚಿಪ್ಪುಜೀವಿಗಳನ್ನು ಹೆಕ್ಕಲು ಸಲೀಸು. ಅವನ ಗೈರುಹಾಜರಿ ಬಹುಪಾಲು ಆ ದಿನಗಳದ್ದೇ.

ಅಂಕ ತುಂಬುವ ದಿನ ನಾನು ಓದಿ ಹೇಳಿದೆ, ಕಂಪ್ಯೂಟರ್ ಗೊತ್ತಿದ್ದ ಸಹೋದ್ಯೋಗಿ ಟೈಪ್ ಮಾಡಿದರು. ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಪ್ರಿಂಟ್ ತೆಗೆದು ಸಹಿ ಹಾಕಿಸಿದಾಗ ಯಾರೂ ಏನೂ ಅನ್ನಲಿಲ್ಲ. ಹೊಳೆ ಮಾತ್ರ ಸಹಿ ಹಾಕುತ್ತ ನಕ್ಕ. ಅವನು ನಗುವುದು ಹೊಸದೇನಲ್ಲ.

ರಾತ್ರಿ ಊಟ ಮುಗಿಸಿ ಕಡತ ಜೋಡಿಸುವಾಗ ನೋಡುತ್ತೇನೆ, ಗುಡ್ಡೆಗೆ 11, ಹೊಳೆಗೆ 19. ಓದಿ ಹೇಳಿದ್ದು ನಾನೇ. ಒಂದು ಸಾಲು ಆಚೀಚೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪುಣ್ಯಕ್ಕೆ ಮಾರನೇ ದಿನ ರಾತ್ರಿಯವರೆಗೆ ತಿದ್ದುಪಡಿಗೆ ಅವಕಾಶ ಇತ್ತು. ಪ್ರಾರ್ಥನೆ ಮುಗಿದ ಕೂಡಲೇ ಗುಡ್ಡೆಯನ್ನು ಕರೆದೆ.

"ಹನ್ನೊಂದು ಅಂತ ನೋಡಿದೆಯಾ ನೀನು?"

"ಹೌದು ಟೀಚರ್."

"ಮತ್ತೆ ಸುಮ್ನೆ ಸಹಿ ಹಾಕಿದೆ? ಕೇಳಬೇಕಲ್ವಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊನ್ನೆ ಲ್ಯಾಬಲ್ಲಿ ಬೀಕರ್ ಒಡೆದಿದ್ನಲ್ಲ ಟೀಚರ್. ಅದಕ್ಕೆ ಕಟ್ ಮಾಡಿದ್ದೀರಿ ಅಂದ್ಕೊಂಡೆ."

ಬೀಕರಿನ ಬೆಲೆ ಎಂಟು ಅಂಕ! ವರ್ಷವಿಡೀ "ಪ್ರಶ್ನೆ ಕೇಳ್ರೋ, ಪ್ರಶ್ನೆ ಕೇಳ್ರೋ" ಅಂತ ಗಂಟಲು ಹರಿದುಕೊಂಡವಳು ನಾನು. ಬೀಕರ್ ಒಡೆದಾಗ ನಾನು ಬೈದದ್ದು ನನಗೆ ಮರೆತೇ ಹೋಗಿತ್ತು. ಅವನಿಗೆ ಮರೆತಿರಲಿಲ್ಲ.

ಹೆಡ್‌ಮಾಸ್ತರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಒಳ್ಳೆಯವರು, ಸಿಟ್ಟಾಗಲಿಲ್ಲ. "ಗುಡ್ಡೆಯದು 19 ಮಾಡಿ. ಆ ಇನ್ನೊಬ್ಬನದೂ 19 ಇರಲಿ ಬಿಡಿ ಮೇಡಂ. ಯಾರಪ್ಪನ ಗಂಟು ಹೋಗ್ತದೆ?" ಅಂದರು. ಸುಳ್ಳು ಯಾಕೆ, ನನಗೂ ಅದೇ ಹಿತ ಅನಿಸಿತು. ಆಂತರಿಕ ಅಂಕದಲ್ಲಿ ನಮ್ಮ ಕೈ ಧಾರಾಳ ಅನ್ನುವುದು ಗುಟ್ಟೇನೂ ಅಲ್ಲ. ಆದರೆ ಅವರಿಬ್ಬರೂ ಕೂರುವುದು ಒಂದೇ ಬೆಂಚಿನಲ್ಲಿ. ಹೊಳೆ ಹಾಳೆ ಖಾಲಿ ಬಿಟ್ಟು ಕೊಟ್ಟದ್ದನ್ನು ಗುಡ್ಡೆ ಪ್ರತಿ ಸಲ ನೋಡಿದ್ದಾನೆ. ಈಗ ಅವನು ನೋಡಿದರೆ ಇಬ್ಬರಿಗೂ 19. ಅವನು ಏನೂ ಕೇಳುವುದಿಲ್ಲ. ಅದೇ ನನ್ನ ಕಷ್ಟ.

ಹೊಳೆ ಅವತ್ತು ಬಂದಿರಲಿಲ್ಲ. ಮಾರನೇ ದಿನ ಅಮಾವಾಸ್ಯೆ.

ನಾಲ್ಕಕ್ಕೆ ಶಾಲೆ ಬಿಟ್ಟು, ತಿದ್ದಿದ ಹೊಸ ಪ್ರಿಂಟ್ ಬ್ಯಾಗಿಗೆ ಹಾಕಿಕೊಂಡು, ಸ್ಕೂಟಿ ಈ ದಡದಲ್ಲೇ ನಿಲ್ಲಿಸಿ ತಾರಿ ದೋಣಿ ಹತ್ತಿದೆ. ಅಘನಾಶಿನಿ ಇಲ್ಲಿ ಹೊಳೆಯೋ ಸಮುದ್ರವೋ ಗೊತ್ತಾಗದಷ್ಟು ಅಗಲ. ನಾನು ಸಿರ್ಸಿಯವಳು, ಈ ಹೊಳೆಯೂ ಸಿರ್ಸಿಯದೇ. ನಾನು ದೇವಿಮನೆ ಘಟ್ಟದಲ್ಲಿ ಬಸ್ಸು ಇಳಿಸಿದ ಹಾಗೆ ಇಳಿದು ಬಂದೆ. ಅದು ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಎಲ್ಲೂ ಅಣೆಕಟ್ಟಿಗೆ ಸಿಗದೆ ಬಂದಿದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ಅವತ್ತೂ ಹೊಳೆ ಗೈರು. ಅಳಿವೆಯಲ್ಲೇ ಇದ್ದನೇನೋ.

ತಾರಿಯಲ್ಲಿ ಕೂತು ಹೇಗೆ ಹೇಳಬೇಕು ಅಂತ ಮೂರ್ನಾಲ್ಕು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಯಾವುದೂ ಸರಿ ಬರಲಿಲ್ಲ.

ಅವರ ಮನೆ ದಂಡೆಯಿಂದ ನಾಲ್ಕು ಹೆಜ್ಜೆ. ಅಂಗಳದಲ್ಲಿ ಗೋಣಿಚೀಲದ ಮೇಲೆ ಬೆಳಗ್ಗೆ ಹೆಕ್ಕಿದ ಬಳಚಿನ ರಾಶಿ. ತಾಯಿ, ಮಗ ಇಬ್ಬರೂ ಬಕೆಟ್ ನೀರಿನಲ್ಲಿ ಕೆಸರು ತೊಳೆಯುತ್ತಿದ್ದರು. ಹೊಳೆಯಲ್ಲಿ ಸಂಜೆಯ ನೀರು ಇಳಿಯುತ್ತಿತ್ತು. ಬುಟ್ಟಿಗಳು ಹೊರಡಲು ತಯಾರಾಗಿ ಬಾಗಿಲಲ್ಲಿ ಇದ್ದವು.

"ಅಯ್ಯೋ ಅಕ್ಕೋರು!" ಅಂತ ಆ ತಾಯಿ ಎದ್ದರು. ಕುರ್ಚಿಯನ್ನು ಸೆರಗಿನಲ್ಲೇ ಒರೆಸಿದರು. ನಾನು ಬಾಯಿ ತೆರೆಯುವ ಮೊದಲೇ, "ನಮ್ಮ ಹುಡುಗಂಗೆ ಹತ್ತೊಂಬತ್ತು ಕೊಟ್ರಂತಲ್ರಾ. ನಿನ್ನೆ ಓಡ್ಕಂಡು ಬಂದು ಹೇಳ್ದ" ಅಂದರು.

ಚಾ ಬಂತು. ಕುಡಿದು ಮುಗಿಸುವವರೆಗೂ ನನಗೆ ಹೇಳಲಿಕ್ಕೆ ಆಗಲಿಲ್ಲ. ಆಮೇಲೆ ಪ್ರಿಂಟ್ ತೆಗೆದು, ತಪ್ಪು ನನ್ನದು, ಸಾಲು ಬದಲಾಗಿ ಓದಿದೆ ಅಂತ ಒಂದೇ ಉಸಿರಿಗೆ ಹೇಳಿದೆ.

ಹುಡುಗ ಬಳಚು ತೊಳೆಯುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು ಟೀಚರ್" ಅಂದ.

"ಗೊತ್ತಿತ್ತಾ? ಮತ್ತೆ ಹೇಳಲಿಲ್ಲ?"

"ನೀವು ಪ್ರೀತಿಯಿಂದ ಹಾಕಿದ್ದು ಅಂದ್ಕೊಂಡೆ."

ನನ್ನ ಒಂದು ಸಾಲಿನ ತಪ್ಪಿಗೆ ಒಬ್ಬ ಬೀಕರ್ ಕಾರಣ ಹುಡುಕಿದ್ದ, ಇನ್ನೊಬ್ಬ ಪ್ರೀತಿ. ಕುರ್ಚಿಯ ಮೇಲೆ ಕೂತು ನಾನು ಸುಮ್ಮನೆ ಆ ಹಾಳೆ ನೋಡುತ್ತಿದ್ದೆ.

ತಾಯಿಯೇ ಕೇಳಿದರು. "ಹಂಗಾರೆ ಈಗ ಎಷ್ಟು ಅಕ್ಕೋರೆ?"

"ಹನ್ನೊಂದು."

"ಎಷ್ಟಕ್ಕೆ?"

"ಇಪ್ಪತ್ತಕ್ಕೆ."

ಅವರು ಒಂದು ಕ್ಷಣ ಲೆಕ್ಕ ಹಾಕಿದರು. "ಅರ್ಧದ ಮೇಲೇ ಬಂತಲ್ರಾ!" ಅಂದರು. ಮಗನ ಕಡೆ ತಿರುಗಿ, "ಸಹಿ ಹಾಕು, ನೀರು ಇಳೀತಾ ಉಂಟು" ಅಂದರು.

ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡು ಸಹಿ ಹಾಕಿದ. ಪೂರ್ತಿ ಒಣಗಿರಲಿಲ್ಲ, ಹಾಳೆಯ ಮೂಲೆಯಲ್ಲಿ ಬೆರಳಿನ ಗುರುತು ಬಿತ್ತು. "ಪರೀಕ್ಷೆ ಪೇಪರ್ ಎಂಬತ್ತಕ್ಕೆ, ಅದು ನನ್ನ ಕೈಲಿಲ್ಲ, ನಾಳೆಯಿಂದ ಬಾ" ಅಂದೆ. "ನಾಡಿದ್ದು ಬರ್ತೆ ಟೀಚರ್" ಅಂದ. ನಾಳೆ ಅಮಾವಾಸ್ಯೆ ಅಲ್ವಾ.

ಹೊರಡುವಾಗ ತಾಯಿ ಒಂದು ಚೀಲ ತುಂಬ ಬಳಚು ತಂದು ಕೈಗಿಟ್ಟರು. ನಾನು ಘಟ್ಟದ ಮೇಲಿನವಳು, ಮೀನು, ಬಳಚು ಯಾವುದೂ ತಿನ್ನುವವಳಲ್ಲ. ಹುಡುಗನಿಗೆ ಅದು ಗೊತ್ತು. ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ತಾರಿಯಲ್ಲಿ ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡು, ಪ್ರಿಂಟನ್ನು ಒದ್ದೆಯಾಗದ ಹಾಗೆ ಎದೆಗೆ ಹಿಡಿದು ಕೂತೆ. ಪಕ್ಕದಲ್ಲಿದ್ದ ಅಜ್ಜ ಚೀಲದೊಳಗೆ ಇಣುಕಿ, "ದೊಡ್ಡ ದೊಡ್ಡದೇ ಆರಿಸಿ ಕೊಟ್ಟಿದ್ದಾರೆ ಅಕ್ಕೋರೆ. ಎಷ್ಟು ಕೊಟ್ರಿ?" ಅಂತ ಕೇಳಿದ.

"ಹನ್ನೊಂದು" ಅಂದೆ.